ಕಾರು ಮಾಡಿಫೈ ಮಾಡಿಸುವ ಆಸೆಯೇ? ಕೊಳ್ಳುವ ಮೊದಲೇ ಮೂರು ಫೋನ್ ಮಾಡಿ

ಕೆಲವು ವರ್ಷದ ಹಿಂದೆ ನಾನೊಂದು ಸೆಕೆಂಡ್ ಹ್ಯಾಂಡ್ ಟರ್ಬೊ ಹ್ಯಾಚ್‌ಬ್ಯಾಕ್ ಕೊಂಡೆ. ಕಂಪನಿ ಹೆಸರು ಬೇಡ ಬಿಡಿ. ರಸ್ತೆಯಲ್ಲಿ ಅಪರೂಪಕ್ಕೆ ಕಾಣುವ ಕಾರು ಅನ್ನುವುದೇ ನನಗೆ ಹೆಮ್ಮೆಯಾಗಿತ್ತು. ರೀಮ್ಯಾಪ್, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಪವರ್ ಏರಿಸುವ ಕೆಲಸ, ಮಾಡಿಸಿದೆ. ಪಿಕಪ್ ಕಂಡು ಕುಣಿದಾಡಿದೆ. ಐದನೇ ತಿಂಗಳಿಗೆ ಕ್ಲಚ್ ಜಾರಲು ಶುರುವಾಯಿತು. ಹೊಸ ಕ್ಲಚ್ ಸೆಟ್ ಬರಲು ಏಳು ವಾರ ಹಿಡಿಯಿತು. ಅಷ್ಟು ದಿನವೂ ಕಾರು ಗ್ಯಾರೇಜಿನ ಮೂಲೆಯಲ್ಲಿ ನಿಂತಿತ್ತು, ಬಾನೆಟ್ ಮೇಲೆ ಅಲ್ಲಿನ ಬೆಕ್ಕು ಮಲಗುತ್ತಿತ್ತು. ಅಪರೂಪದ ಕಾರಿಗೆ ಪಾರ್ಟ್ಸೂ ಅಪರೂಪ ಅಂತ ಆಗ ಗೊತ್ತಾಯಿತು.

ಸ್ಪೀಡ್ ಕಾರು ಹುಡುಕುವವರೆಲ್ಲ ಮೊದಲು ಕೇಳುವುದು, ‘ಇದರಿಂದ ಎಷ್ಟು ಪವರ್ ತೆಗೆಯಬಹುದು?’ ಅಂತ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಬೇರೆ. ಪವರ್ ಜಾಸ್ತಿ ಮಾಡಿದರೆ ಯಾವುದು ಮೊದಲು ಕೈಕೊಡುತ್ತದೆ? ಅದನ್ನು ಸರಿಮಾಡುವವರು ನಮ್ಮೂರಲ್ಲಿ ಇದ್ದಾರಾ?

1. ಟರ್ಬೊ ಇದೆಯಾ ನೋಡಿ

ಇದು ಬೇಗ ಮುಗಿಯುವ ಕೆಲಸ. ಟರ್ಬೊ ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್‌ಗೆ ಬರೀ ರೀಮ್ಯಾಪ್ ಮಾಡಿಸಿದರೆ ಹತ್ತು ಪಿಎಸ್ (ಎಂಜಿನ್ ಪವರಿನ ಅಳತೆ) ಸಿಗುವುದೂ ಕಷ್ಟ. ಟರ್ಬೊ ಇದ್ದರೆ ಬೂಸ್ಟ್ (ಆ ಗಾಳಿಯ ಒತ್ತಡ) ಏರಿಸಬಹುದು, ಹಾಗಾಗಿ ಒಂದು ಸಾಫ್ಟ್‌ವೇರ್ ಫೈಲಿನಿಂದಲೇ ವ್ಯತ್ಯಾಸ ಕಾಲಿಗೆ ತಿಳಿಯುತ್ತದೆ. ಟರ್ಬೊ ಇಲ್ಲದ ಹಳೆಯ ಹೋಂಡಾ ಸಿಟಿ ವಿಟೆಕ್ ಪ್ರೇಮಿಗಳು ಬೈಯಬಹುದು. ಅದರ ಎಂಜಿನ್ ಕೂಗು ನನಗೂ ಇಷ್ಟವೇ. ಆದರೆ ಅಲ್ಲಿ ಒಂದೊಂದು ಪಿಎಸ್‌ಗೂ ದುಡ್ಡು ಸುರಿಯಬೇಕು.

2. ಗೇರ್‌ಬಾಕ್ಸ್ ಎಷ್ಟು ತಡೆದುಕೊಳ್ಳುತ್ತದೆ?

ಇಲ್ಲಿ ಸ್ವಲ್ಪ ನಿಧಾನಿಸಿ. ಹೆಚ್ಚಿನವರು ಎಡವುವುದು ಇಲ್ಲೇ.

ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ತೆಗೆದುಕೊಳ್ಳಿ. 2013ರಲ್ಲಿ ಬಂದಾಗ ಅದರ 1.2 ಲೀಟರ್ ಎಂಜಿನ್ 105 ಪಿಎಸ್, 175 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) ಕೊಡುತ್ತಿತ್ತು. ಜೊತೆಗಿದ್ದದ್ದು ಡಿಕ್ಯೂ200 ಎಂಬ ಏಳು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಅದರಲ್ಲಿರುವುದು ಡ್ರೈ ಕ್ಲಚ್, ಅಂದರೆ ಎಣ್ಣೆಯಲ್ಲಿ ಮುಳುಗಿರದ ಕ್ಲಚ್. ಆ ಗೇರ್‌ಬಾಕ್ಸನ್ನು ಮಾಡಿರುವುದೇ ಹೆಚ್ಚೆಂದರೆ 250 ಎನ್‌ಎಂ ಟಾರ್ಕ್‌ಗೆ. ಅಂದರೆ ರೀಮ್ಯಾಪ್‌ನಲ್ಲಿ 50 ಎನ್‌ಎಂ ಏರಿಸಿದರೂ 225. ಇನ್ನೂ ಜಾಗ ಉಳಿಯಿತು.

ಈಗ ಅದೇ ಕಂಪನಿಯ ವರ್ಟಸ್ ಜಿಟಿ ನೋಡಿ. 1.5 ಲೀಟರ್ ಎಂಜಿನ್, 150 ಪಿಎಸ್, 250 ಎನ್‌ಎಂ. ಪೋಲೊಗಿಂತ ಎಷ್ಟೋ ಬಲಶಾಲಿ. ಆದರೆ ಅದರ ಆಟೊಮ್ಯಾಟಿಕ್ ಮಾಡೆಲ್‌ನಲ್ಲೂ ಇರುವುದು ಅದೇ ಡಿಕ್ಯೂ200! ಶೋರೂಮಿನಿಂದ ಹೊರಗೆ ಬರುವಾಗಲೇ ಅದು ಗೇರ್‌ಬಾಕ್ಸಿನ ಗಡಿಯಲ್ಲಿ ನಿಂತಿದೆ. ರೀಮ್ಯಾಪ್ ಮಾಡಿಸಿ ಓಡಿಸುವವರು ಇಲ್ಲವೆಂದಲ್ಲ. ಅವರು ಓಡಿಸುತ್ತಿರುವುದು ಆ ಗಡಿಯ ಆಚೆ, ಅಷ್ಟೆ. ಟ್ಯೂನ್ ಮಾಡಿಸುವ ಆಸೆ ಇದ್ದರೆ ನಾನು ಆರು ಗೇರಿನ ಮ್ಯಾನುವಲ್ ಕಡೆ ನೋಡುತ್ತೇನೆ. ಕ್ಲಚ್ ಹೋದರೂ ಬಿಲ್ಲು ನೋಡಿ ತಲೆ ತಿರುಗುವುದಿಲ್ಲ.

3. ಮೂರು ಫೋನ್ ಮಾಡಿ

ಮುಂಗಡ ಕೊಡುವ ಮೊದಲು ಒಂದು ಚೀಟಿಯಲ್ಲಿ ನಾಲ್ಕು ಪಾರ್ಟ್ ಬರೆದುಕೊಳ್ಳಿ: ಮುಂದಿನ ಬ್ರೇಕ್ ಪ್ಯಾಡ್, ಲೋವರ್ ಆರ್ಮ್ ಬುಷ್ (ಸಸ್ಪೆನ್ಷನ್ನಿನ ರಬ್ಬರ್ ತುಂಡು), ಕ್ಲಚ್ ಸೆಟ್, ಟರ್ಬೊ. ಮೊದಲ ಫೋನ್ ಕಂಪನಿ ಸರ್ವಿಸ್ ಸೆಂಟರಿಗೆ. ಎರಡನೆಯದು ಬಿಡಿಭಾಗದ ಅಂಗಡಿಗೆ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಒಂದು ಸುತ್ತು ಹಾಕಿಯೇ ಬನ್ನಿ. ಮೂರನೆಯ ಫೋನ್ ಟ್ಯೂನರ್‌ಗೆ, ಅಂದರೆ ರೀಮ್ಯಾಪ್ ಮಾಡಿಕೊಡುವವರಿಗೆ. ಕೇಳಬೇಕಾದದ್ದು ಇಷ್ಟೇ: ‘ಸ್ಟಾಕ್ ಇದೆಯಾ? ಎಷ್ಟು ದಿನ? ಎಷ್ಟು ದುಡ್ಡು?’ ‘ತರಿಸಿಕೊಡ್ತೀವಿ ಸಾರ್’ ಅಂದರೆ ಎಲ್ಲಿಂದ ಅಂತ ಕೇಳಿ. ಹೊರದೇಶದಿಂದ ಅಂದರೆ ಕಸ್ಟಮ್ಸ್, ಕೊರಿಯರ್ ಸೇರಿಸಿ ಲೆಕ್ಕ ಹಾಕಿ. ನಾನು ಮಾಡದೆ ಬಿಟ್ಟದ್ದು ಈ ಕೆಲಸವನ್ನೇ.

ಪೋಲೊ ಮಾರಾಟ ನಮ್ಮಲ್ಲಿ 2022ರಲ್ಲೇ ನಿಂತಿತು. ಆದರೂ ಪಾರ್ಟ್ಸ್‌ಗೆ ಪರದಾಟ ಕಡಿಮೆ. ಯಾಕೆಂದರೆ ಅದೇ 1.2 ಎಂಜಿನ್ ಫೋಕ್ಸ್‌ವ್ಯಾಗನ್ ವೆಂಟೊದಲ್ಲೂ ಇತ್ತು. ಆಮೇಲೆ ಪೋಲೊಗೆ ಬಂದ 1.0 ಟಿಎಸ್‌ಐ ಎಂಜಿನ್ ಸ್ಕೋಡಾ ರ್‍ಯಾಪಿಡ್‌ನಲ್ಲೂ ಇತ್ತು. ರ‍್ಯಾಲಿ ಹುಡುಗರೂ ಪೋಲೊವನ್ನು ವರ್ಷಗಟ್ಟಲೆ ಬಿಚ್ಚಿ ಜೋಡಿಸಿದ್ದಾರೆ. ಸ್ಕೋಡಾದ ಸ್ಪೀಡ್ ಕಾರು ಆಕ್ಟೇವಿಯಾ ವಿಆರ್‌ಎಸ್ ಕಥೆಯೂ ಹೀಗೇ. ಕಾರು ಅಪರೂಪ, ಆದರೆ ಅದರ 2.0 ಟಿಎಸ್‌ಐ ಎಂಜಿನ್ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐಗೂ ಹತ್ತಿರದ ನೆಂಟ. ಜಗತ್ತಿನ ತುಂಬ ಅದಕ್ಕೆ ಪಾರ್ಟ್ಸ್ ಮಾಡುವವರಿದ್ದಾರೆ. ಕಾರು ಎಷ್ಟು ಮಾರಾಟವಾಗಿದೆ ಎನ್ನುವುದಕ್ಕಿಂತ ಅದರ ಎಂಜಿನ್ ಇನ್ನೆಷ್ಟು ಕಾರುಗಳಲ್ಲಿದೆ ಅಂತ ನೋಡಿ.

4. ಟೈರ್ ಲೆಕ್ಕ ಮನೆಯಲ್ಲೇ ಹಾಕಿ

185/60 ಆರ್15 ಟೈರ್ ಇದೆ ಅಂದುಕೊಳ್ಳಿ. ಟೈರಿನ ಅಗಲ 185 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ 60, ಅಂದರೆ 111 ಮಿ.ಮೀ. ಮೇಲೆ ಕೆಳಗೆ ಸೇರಿ 222. ರಿಮ್ಮಿನ 15 ಇಂಚು ಅಂದರೆ 381. ಒಟ್ಟು 603 ಮಿ.ಮೀ. ಎತ್ತರ. ಅದರ ಬದಲು 205/50 ಆರ್16 ಹಾಕಿದರೆ 611 ಆಗುತ್ತದೆ. ಎಂಟು ಮಿ.ಮೀ. ಜಾಸ್ತಿ, ತೊಂದರೆಯಿಲ್ಲ. 205/55 ಆರ್16 ಹಾಕಿದರೆ 632. ಶೇ 3ರ ಒಳಗಿರಲಿ ಅನ್ನುವುದು ರೂಢಿ, ಇದು ಸುಮಾರು ಶೇ 5. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಉಜ್ಜಬಹುದು, ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ತೋರಿಸಬಹುದು.

ಪಿಸಿಡಿ ಕೂಡ ಕೇಳಿಕೊಳ್ಳಿ, ಅಂದರೆ ಚಕ್ರಕ್ಕೆ ಎಷ್ಟು ಬೋಲ್ಟ್, ಅವು ಕೂರುವ ವೃತ್ತದ ವ್ಯಾಸ ಎಷ್ಟು ಮಿ.ಮೀ. ಅಂತ. ಪೋಲೊಗೆ 5x100, ಆಕ್ಟೇವಿಯಾಗೆ 5x112. ಒಂದರ ಅಲಾಯ್ ಇನ್ನೊಂದಕ್ಕೆ ಕೂರುವುದಿಲ್ಲ.

5. ಕಾನೂನು

ಬೇಸರದ ವಿಷಯ, ಆದರೂ ಓದಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಒಳ್ಳೆಯ ಬ್ರೇಕ್ ಪ್ಯಾಡ್, ಅದೇ ಅಳತೆಯ ಒಳ್ಳೆಯ ಟೈರ್‌ಗೆ ಯಾರೂ ತಕರಾರು ಮಾಡುವುದಿಲ್ಲ. ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಹಾಕಿಸುವುದು, ಬೀದಿಯೆಲ್ಲ ಎಚ್ಚರಗೊಳ್ಳುವ ಸೈಲೆನ್ಸರ್ ಹಾಕಿಸುವುದು ಮಾತ್ರ ಬೇಡವೇ ಬೇಡ. ಮಾಡಿಸಿದ ಬದಲಾವಣೆಯನ್ನು ಇನ್ಶೂರೆನ್ಸ್‌ನವರಿಗೆ ಮುಚ್ಚಿಟ್ಟರೆ ಕ್ಲೇಮ್ ಹೊತ್ತಿನಲ್ಲಿ ಕೈ ಎತ್ತುತ್ತಾರೆ. ವಾರಂಟಿ ಇರುವ ಕಾರಾದರೆ ಇನ್ನೊಂದು ಮಾತು. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಲ್ಲಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಮುಟ್ಟಿದ್ದು ಗೊತ್ತಾದರೆ ಕಂಪನಿಯ ಸಿಸ್ಟಮ್‌ನಲ್ಲಿ ‘ಟಿಡಿ1’ ಅಂತ ಗುರುತು ಬೀಳುತ್ತದೆ, ಆಮೇಲೆ ವಾರಂಟಿ ಸಿಗದೆ ಹೋಗಬಹುದು.

6. ಸೆಕೆಂಡ್ ಹ್ಯಾಂಡ್ ಆದರೆ ಹೀಗೆ ನೋಡಿ

ಮಾರುವವರು ‘ಸಾರ್, ಪೂರ್ತಿ ಸ್ಟಾಕ್ ಕಂಡೀಶನ್’ ಅನ್ನುತ್ತಾರೆ, ಅಂದರೆ ಏನೂ ಬದಲಿಸಿಲ್ಲ ಅಂತ. ಬಾನೆಟ್ ತೆಗೆಸಿ ಟಾರ್ಚ್ ಹಾಕಿ. ಏರ್ ಫಿಲ್ಟರ್ ಬಾಕ್ಸ್, ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಗೊಯ್ಯುವ ಪೈಪ್) ನಟ್‌ಗಳ ಅಂಚು ಹೊಳೆಯುತ್ತಿದ್ದರೆ ಅಲ್ಲಿ ಸ್ಪ್ಯಾನರ್ ಆಡಿದೆ ಅಂತ ಅರ್ಥ. ಯಾಕೆ ಬಿಚ್ಚಿದ್ದು ಅಂತ ಕೇಳಿ. ಡಿಎಸ್‌ಜಿ ಇದ್ದರೆ ಎಂಜಿನ್ ಬಿಸಿಯಾದ ಮೇಲೆ ಟ್ರಾಫಿಕ್‌ನಲ್ಲೇ ಓಡಿಸಿ. ಮೊದಲ ಗೇರಿನಿಂದ ಎರಡಕ್ಕೆ ಹೋಗುವಾಗ ಗಡಗಡ ನಡುಗಿದರೆ ಕ್ಲಚ್ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ.

ಇಷ್ಟೆಲ್ಲ ಆಗಿ ಕಾರು ಮನೆಗೆ ಬಂತು ಅನ್ನಿ. ದುಡ್ಡನ್ನು ಮೊದಲು ಟೈರ್‌ಗೆ ಹಾಕಿ, ಆಮೇಲೆ ಬ್ರೇಕ್‌ಗೆ, ಆಮೇಲೆ ಸಸ್ಪೆನ್ಷನ್‌ಗೆ. ಕಾರನ್ನು ತೀರಾ ತಗ್ಗಿಸಬೇಡಿ, ನಮ್ಮ ಹಂಪ್‌ಗಳು ನಿಮಗೆ ಗೊತ್ತಲ್ವಾ? ರೀಮ್ಯಾಪ್ ಕೊನೆಗೆ ಇರಲಿ. ಮಾಡಿಸುವ ದಿನ ಟ್ಯೂನರ್ ಹತ್ತಿರ ಡೈನೋ ಶೀಟ್ (ಯಂತ್ರದಲ್ಲಿ ಅಳೆದ ಪವರಿನ ಚೀಟಿ) ಕೇಳಿ, ಮಾಡುವ ಮೊದಲಿನದೂ ಮಾಡಿದ ಮೇಲಿನದೂ. ನಿಮ್ಮ ಕಾರಿನ ಮೂಲ ಸಾಫ್ಟ್‌ವೇರ್ ಫೈಲನ್ನು ಒಂದು ಪೆನ್ ಡ್ರೈವಿಗೆ ಹಾಕಿಸಿಕೊಂಡು ಆರ್‌ಸಿ ಜೊತೆ ಬೀರುವಿನಲ್ಲಿಡಿ. ಟ್ಯೂನರ್ ನಾಳೆ ಅಂಗಡಿ ಮುಚ್ಚಿದರೂ ಕಾರು ಮತ್ತೆ ಮೊದಲಿನಂತೆ ಆಗಲು ಆ ಫೈಲ್ ಬೇಕು.