ಹೊಸ ಕ್ರೋಮ್ ಪಟ್ಟಿ: ಬಣ್ಣಕ್ಕೆ ಮೊದಲೇ ಕೂರಿಸಿ ನೋಡಿ
ಹಳೆಯ ಕಾರಿಗೆ ಹೊಸದಾಗಿ ತಯಾರಾದ ಕ್ರೋಮ್ ಪಟ್ಟಿ (ಬಾಗಿಲಿನ ಹೊರಗೆ ಕೂರುವ ಹೊಳೆಯುವ ಅಲಂಕಾರದ ಪಟ್ಟಿ) ತರಿಸಿದ್ದರೆ, ಬಣ್ಣ ಹೊಡೆಸುವ ಮೊದಲೇ ಅದನ್ನು ಕ್ಲಿಪ್ ಸಮೇತ ಪೂರ್ತಿ ಕೂರಿಸಿ ನೋಡಿ. ಇಂಥ ಭಾಗಗಳ ಅಚ್ಚನ್ನು ಎಷ್ಟೋ ಬಾರಿ ಸವೆದ ಹಳೆಯ ಭಾಗದಿಂದಲೇ ತೆಗೆದಿರುತ್ತಾರೆ. ಆ ಕಾಲದ ಕಾರುಗಳಲ್ಲಿ ಎಡ ಬಲ ಬಾಗಿಲುಗಳೂ ತದ್ವತ್ತಾಗಿರುವುದು ಅಪರೂಪ. ಹಾಗಾಗಿ ಒಂದೆರಡು ಮಿಲಿಮೀಟರ್ ಆಚೀಚೆ ಆಗುವುದುಂಟು. ಕ್ಲಿಪ್ ಕೂರುವ ಬಾಗಿಲಿನ ತೂತನ್ನು ದುಂಡನೆಯ ಅರದಿಂದ ಈಗಲೇ ಹಿಗ್ಗಿಸಿಕೊಂಡರೆ, ಉಜ್ಜಿ ಹೊಳೆಯುವ ಅಂಚಿಗೂ ಪ್ರೈಮರ್ ಸೇರಿ ತುಕ್ಕಿನ ಭಯ ತಪ್ಪುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಯಾದರೆ ಕೈಯಲ್ಲೇ ನಿಧಾನವಾಗಿ ಬಾಗಿಸಿ ಬಾಗಿಲಿನ ತಿರುವಿಗೆ ಹೊಂದಿಸಬಹುದು. ಎರಕದ ಸತುವಿನ ಭಾಗವನ್ನು ಮಾತ್ರ ಬಾಗಿಸಲು ಹೋಗಬೇಡಿ, ಪಟ್ಟನೆ ಮುರಿಯುತ್ತದೆ. ಅದರ ತಿರುವೇ ತಪ್ಪಿದ್ದರೆ ತೂತು ಹಿಗ್ಗಿಸಿಯೂ ಪ್ರಯೋಜನವಿಲ್ಲ, ಹಿಂದಿರುಗಿಸುವುದೇ ಸರಿ. ಹೊಸದು ಸರಿಯಾಗಿ ಕೂರುವವರೆಗೆ ಹಳೆಯ ಪಟ್ಟಿಯನ್ನು ದಯವಿಟ್ಟು ಎಸೆಯಬೇಡಿ.