ಬ್ರೇಕ್ ಡಿಸ್ಕು ಕಚ್ಚಿಕೊಂಡಿದೆಯಾ? ಸುತ್ತಿಗೆ ಎತ್ತುವ ಮೊದಲು ಆ ಎರಡು ತೂತು ಹುಡುಕಿ

ಮಳೆಗಾಲ ಮುಗಿದು ಅಂಗಳದ ಪಾಚಿ ಕೆರೆದಾದ ಮೇಲೆಯೇ ನಮ್ಮ ಕಡೆ ಜನಕ್ಕೆ ಕಾರಿನ ಬ್ರೇಕು ನೆನಪಾಗುವುದು. ನನ್ನದೂ ಅದೇ ಕಥೆ. ಆಗುಂಬೆ ಘಾಟಿ ಇಳಿಯುವಾಗ ಎರಡು ಮೂರು ತಿರುವು ದಾಟಿದ ಮೇಲೆ ಪೆಡಲ್ಲು ಕಾಲಡಿಯಲ್ಲಿ ಅದುರುತ್ತಿತ್ತು, ಸ್ಟೀರಿಂಗೂ ನಡುಗುತ್ತಿತ್ತು. ಚಕ್ರ ಬಿಚ್ಚಿ ನೋಡಿದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ಬ್ರೇಕ್ ತಟ್ಟೆ, ಅದೇ ಡಿಸ್ಕು, ಅದರ ಅಂಚಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಏಣು ಎದ್ದಿತ್ತು. ಹೊಸ ಜೋಡಿ ತಂದೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಅಂಗಳದಲ್ಲೇ ಹಾಕಿಬಿಡೋಣ ಅಂತ ಒಂದು ಭಾನುವಾರ ಬೆಳಿಗ್ಗೆ ಕೂತೆ. ಡಿಸ್ಕನ್ನು ಎರಡು ಉಜ್ಜುವ ಬಿಲ್ಲೆಗಳ (ಪ್ಯಾಡು) ನಡುವೆ ಅದುಮಿ ಹಿಡಿಯುವ ಕ್ಯಾಲಿಪರ್ ಬಿಚ್ಚಲು ಇಪ್ಪತ್ತು ನಿಮಿಷ ಸಾಕಾಯಿತು. ಡಿಸ್ಕು ಬರುವಷ್ಟರಲ್ಲಿ ಮಧ್ಯಾಹ್ನದ ಊಟವೂ ತಣ್ಣಗಾಗಿತ್ತು.

ಮೊದಲು ಒಂದು ವಿಷಯ ತಿಳಿದುಕೊಳ್ಳಿ, ಆಮೇಲೆ ಎಲ್ಲಾ ಸುಲಭ. ಡಿಸ್ಕನ್ನು ಹಬ್ಬಿಗೆ (ಚಕ್ರ ಕೂರುವ, ಅದರ ಜೊತೆ ತಿರುಗುವ ನಡುಭಾಗಕ್ಕೆ) ಒತ್ತಿ ಹಿಡಿಯುವುದು ಚಕ್ರದ ನಟ್ಟುಗಳೇ. ಚಕ್ರ ತೆಗೆದು, ಕ್ಯಾಲಿಪರ್ ಬದಿಗೆ ಸರಿಸಿದರೆ ಅದು ಕೈಗೇ ಬರಬೇಕು. ಬರುತ್ತಿಲ್ಲ ಅಂದರೆ ಹಿಡಿದಿರುವುದು ತುಕ್ಕು. ಎಲ್ಲಿ ಹಿಡಿದಿರುತ್ತದೆ? ಹಬ್ಬಿನ ನಡುವೆ ಬಳೆ ಥರ ಎದ್ದ ಒಂದು ಭಾಗ ಇರುತ್ತದಲ್ಲ, ಅದರ ಸುತ್ತ. ಡಿಸ್ಕಿನ ನಡುವಿನ ತೂತು ಅದರ ಮೇಲೆ ಬಿಗಿಯಾಗಿ ಕೂರುತ್ತದೆ, ಸಂದು ಕೂದಲೆಳೆಯಷ್ಟು. ಕಬ್ಬಿಣ ತುಕ್ಕಾದರೆ ಊದಿಕೊಳ್ಳುತ್ತದೆ, ಮೊದಲಿದ್ದದ್ದಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ, ಆ ಕೂದಲೆಳೆ ಸಂದಿನಲ್ಲಿ ಊದಿಕೊಂಡಿತು ಅಂದರೆ ಬೆಣೆ ಹೊಡೆದ ಹಾಗೆಯೇ. ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿ ಮಳೆ ಬೀಳುವ ಆಗುಂಬೆ ಪಕ್ಕದಲ್ಲಿದ್ದುಕೊಂಡು ತುಕ್ಕು ಹಿಡಿಯಿತು ಅಂತ ಯಾರನ್ನು ಬೈಯೋದು!

ಈಗ ಕೆಲಸ. ಅಂಗಳ ಹಸಿ ಇದ್ದರೆ ಇವತ್ತು ಬೇಡ. ನಮ್ಮ ಮಣ್ಣು ಒಣಗಿದಂತೆ ಕಂಡರೂ ಜಾಕ್ ಕೆಳಗೆ ನಿಧಾನವಾಗಿ ಇಳಿಯುತ್ತದೆ. ನಾನು ಒಂದು ಅಗಲದ ಹಲಸಿನ ಹಲಗೆ ಹಾಕಿ ಅದರ ಮೇಲೆ ಜಾಕ್ ಇಡುತ್ತೇನೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಮುಂದೊಂದು ಹಿಂದೊಂದು ಕಲ್ಲು ಕೊಡಿ. ಚಕ್ರದ ನಟ್ಟನ್ನು ಗಾಡಿ ನೆಲದ ಮೇಲಿರುವಾಗಲೇ ಸಡಿಲ ಮಾಡಿಕೊಳ್ಳಿ. ಎತ್ತಿದ ಮೇಲೆ ಜಾಕ್ ಸ್ಟ್ಯಾಂಡ್ ಇಡಲೇಬೇಕು. ಈ ಕೆಲಸದಲ್ಲಿ ಗಾಡಿಯನ್ನು ಬಡಿಯುತ್ತೀರಿ, ಎಳೆಯುತ್ತೀರಿ. ಬರೀ ಕಾರಿನ ಜೊತೆ ಬಂದ ಜಾಕ್ ನಂಬಿಕೊಂಡು ಬಡಿಯುವುದು ಹುಚ್ಚುತನ. ಬಿಚ್ಚಿದ ಚಕ್ರವನ್ನೂ ಕಾರಿನಡಿಗೆ ತಳ್ಳಿಡಿ.

ಸ್ಟೀರಿಂಗ್ ಅನ್ನು ಪೂರ್ತಿ ಒಂದು ಕಡೆ ತಿರುಗಿಸಿ, ಕ್ಯಾಲಿಪರ್ ಹಿಂಭಾಗ ನಿಮ್ಮ ಕಡೆ ಬರುವ ಹಾಗೆ. ಕ್ಯಾಲಿಪರ್ ಕೂರುವ ಬ್ರಾಕೆಟ್ಟಿಗೆ ಹಿಂದಿನಿಂದ ಎರಡು ದಪ್ಪ ಬೋಲ್ಟು ಇರುತ್ತವೆ, ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 17ರ ಪಾನಾ. ಪ್ಯಾಡು ಬದಲಿಸುವುದಿಲ್ಲ ಅಂದರೆ ಅವೆರಡನ್ನೇ ಬಿಚ್ಚಿ, ಪ್ಯಾಡು ಸಮೇತ ಇಡೀ ಸೆಟ್ಟು ಒಟ್ಟಿಗೆ ತೆಗೆಯಬಹುದು. ಡಿಸ್ಕಿನ ಅಂಚಿನಲ್ಲಿ ಎದ್ದ ಏಣಿಗೆ ಪ್ಯಾಡು ಸಿಕ್ಕಿಕೊಂಡರೆ ಕ್ಯಾಲಿಪರನ್ನು ನಿಮ್ಮ ಕಡೆಗೆ ಒಮ್ಮೆ ಜೋರಾಗಿ ಎಳೆಯಿರಿ, ಪ್ಯಾಡನ್ನು ತಳ್ಳುವ ಪಿಸ್ಟನ್ ಸ್ವಲ್ಪ ಒಳಗೆ ಹೋಗಿ ಜಾಗ ಬಿಡುತ್ತದೆ. ಆಗ ಮೇಲೆ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಏರುತ್ತದೆ, ತುಂಬಿ ಚೆಲ್ಲದ ಹಾಗೆ ನೋಡಿಕೊಳ್ಳಿ, ಅದು ಬಣ್ಣ ಕಿತ್ತುಬಿಡುತ್ತದೆ. ಕ್ಯಾಲಿಪರ್ ಕೈಗೆ ಬಂದ ಮೇಲೆ ರಬ್ಬರ್ ಪೈಪಿನ ಮೇಲೆ ನೇತಾಡಲು ಬಿಡಬೇಡಿ. ಬೇಲಿ ತಂತಿ ತುಂಡಿನಲ್ಲಿ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ. ಈ ಸ್ಥಿತಿಯಲ್ಲಿ ಯಾರೂ ಬ್ರೇಕ್ ಪೆಡಲ್ ಒತ್ತಬಾರದು, ಒತ್ತಿದರೆ ಪಿಸ್ಟನ್ ಹೊರಗೇ ಬಂದುಬಿಡುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಕಾರು ಲಾಕ್ ಮಾಡಿ.

ಇಲ್ಲಿಗೆ ಬಂದವನು ನಾನು ಡಿಸ್ಕು ಎಳೆದೆ. ಅಲುಗಲಿಲ್ಲ. ಸುತ್ತಿಗೆ ತಂದೆ. ಒಂದು ಗಂಟೆ ಟಣ್ ಟಣ್ ಅಂತ ಬಡಿದೆ. ತುಕ್ಕಿನ ಚಕ್ಕೆ ಉದುರಿತು, ತೋಳು ನೋಯಿತು, ಡಿಸ್ಕು ಮಾತ್ರ ಅಲ್ಲೇ. ಅಷ್ಟರಲ್ಲಿ ಭಾವ ಬಂದರು, ಅಡಿಕೆ ಮೂಟೆ ಸಾಗಿಸುವ ಪಿಕಪ್ ಇಟ್ಟುಕೊಂಡವರು. ತೋಟದ ದಾರಿಯಿಂದಲೇ ಕೂಗಿದರು, "ಎಂತ ಭಾವ, ದೇವಸ್ಥಾನ ಬಿಟ್ಟು ಮನೇಲೇ ಜಾಗಟೆ ಶುರು ಮಾಡಿದ್ರಾ?" ಹತ್ತಿರ ಬಂದು ಬಗ್ಗಿ ನೋಡಿ, ಬೆರಳಿಟ್ಟು, "ಈ ತೂತು ಎಂತಕ್ಕೆ ಇರೋದು ಅಂತ ಮಾಡಿದೀರಿ?" ಅಂದರು.

ನನಗೆ ಆ ತೂತು ಕಂಡೇ ಇರಲಿಲ್ಲ. ಕಾಣುವ ಹಾಗೂ ಇರಲಿಲ್ಲ ಬಿಡಿ. ಕೆಸರು, ತುಕ್ಕು, ಬ್ರೇಕಿನ ಕಪ್ಪು ಧೂಳು ಎಲ್ಲಾ ಸೇರಿ ಗಾರೆ ಥರ ಮುಚ್ಚಿಕೊಂಡಿತ್ತು. ಮೂಟೆ ಹೊಲಿಯುವ ದಬ್ಬಳ ತಂದು ಚುಚ್ಚಿ ಚುಚ್ಚಿ ಕೆದಕಿದೆ. ಇಟ್ಟಿಗೆ ಪುಡಿಯ ಹಾಗೆ ಕೆಂಪು ಹುಡಿ ಉದುರುತ್ತಾ ಹೋಗಿ, ಒಳಗೆ ಥ್ರೆಡ್ಡಿನ ಗೆರೆ ಕಂಡಿತು. ಎದುರುಬದುರು ಎರಡು ತೂತು. ಇದಕ್ಕೆ ಬೋಲ್ಟು ಹಾಕಿ ತಿರುಗಿಸಿದರೆ ಅದರ ತುದಿ ಹಿಂದಿನ ಹಬ್ಬಿಗೆ ಒತ್ತಿ ಡಿಸ್ಕನ್ನು ಹೊರಗೆ ತಳ್ಳುತ್ತದೆ, ಅದಕ್ಕೆ ಅಂತಲೇ ಕಂಪನಿಯವರು ಮಾಡಿಟ್ಟದ್ದು.

ಮಾರುತಿಯ ಅನೇಕ ಗಾಡಿಗಳಲ್ಲಿ, ಬೇರೆ ಎಷ್ಟೋ ಕಾರುಗಳಲ್ಲೂ ಈ ತೂತು ಇರುತ್ತದೆ. ಹೆಚ್ಚಾಗಿ 8 ಎಂಎಂ ಬೋಲ್ಟು, 1.25 ಪಿಚ್ (ಥ್ರೆಡ್ಡಿನ ಗೆರೆಗಳ ನಡುವಿನ ಅಂತರ). ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳುವಾಗ ಹೈ ಟೆನ್ಸೈಲ್ ಅಂತಲೇ ಕೇಳಿ. ತಲೆಯ ಮೇಲೆ 8.8 ಅಂತ ಒತ್ತಿರಬೇಕು, ಉದ್ದ ಕನಿಷ್ಠ 40 ಎಂಎಂ, ಥ್ರೆಡ್ಡು ತುದಿಯಿಂದ ತಲೆವರೆಗೂ ಇರುವಂಥದ್ದು. ಸಾದಾ ಬೋಲ್ಟು ಹಾಕಿದರೆ ಅರ್ಧದಲ್ಲಿ ತಿರುಚಿ ಮುರಿಯುತ್ತದೆ, ಆಮೇಲೆ ಆ ತೂತಿನಲ್ಲಿ ಮುರಿದ ತುಂಡು ತೆಗೆಯುವುದೇ ಬೇರೆ ಕೆಲಸ.

ಬೋಲ್ಟು ಹಾಕುವ ಮುಂಚೆ ಡಿಸ್ಕಿನ ಮೇಲೆ ಒಂದೋ ಎರಡೋ ಸ್ಟಾರ್ ಸ್ಕ್ರೂ ಇದೆಯಾ ನೋಡಿ. ಎಲ್ಲಾ ಗಾಡಿಗಳಲ್ಲಿ ಇರುವುದಿಲ್ಲ. ಇದ್ದರೆ ಅವು ಮೊದಲು ಬರಬೇಕು. ಸಾದಾ ಸ್ಕ್ರೂಡ್ರೈವರಿನಲ್ಲಿ ತಿರುಗಿಸಲು ಹೋದರೆ ತಲೆ ಕಿತ್ತು ಗುಂಡಗಾಗುವುದು ಖಂಡಿತ. ಸುತ್ತಿಗೆಯಿಂದ ಹೊಡೆದರೆ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಅಂತ ಬರುತ್ತದೆ, ಮಲೆನಾಡಿನಲ್ಲಿ ಗಾಡಿ ಬಿಚ್ಚುವವರ ಮನೆಯಲ್ಲಿ ಅದೊಂದು ಇರಲೇಬೇಕು. ತಲೆ ಆಗಲೇ ಹೋಗಿದೆಯಾ? ತಲೆ ಕಂಬಿಯಿಂದ ಬಿಡುವವರೆಗೆ ಡ್ರಿಲ್ ಮಾಡಿ. ಡಿಸ್ಕು ಹೊರಬಂದ ಮೇಲೆ ಉಳಿದ ತುಂಡನ್ನು ವೈಸ್ ಗ್ರಿಪ್ಪಿನಲ್ಲಿ ಹಿಡಿದು ತಿರುಗಿಸಿ.

ಇನ್ನು ಎಣ್ಣೆ. ಡಬ್ಲ್ಯೂಡಿ-40 ಅಥವಾ ತುಕ್ಕು ಬಿಡಿಸುವ ಯಾವುದೇ ಸ್ಪ್ರೇಯನ್ನು ಮೂರೇ ಜಾಗಕ್ಕೆ ಕೊಡಿ: ನಡುವಿನ ಬಳೆಯ ಸುತ್ತ, ಸ್ಟಡ್ಡುಗಳ (ಚಕ್ರದ ನಟ್ಟು ಕೂರುವ ಬೋಲ್ಟುಗಳ) ಬುಡಕ್ಕೆ, ಆ ಎರಡು ತೂತಿಗೆ. ಸಾಧ್ಯವಾದರೆ ಹಿಂದಿನ ದಿನ ಸಂಜೆಯೇ ಹಾಕಿಡಿ. ರಾತ್ರಿ ಇಡೀ ನೆನೆದರೆ ಅರ್ಧ ಕೆಲಸ ಅದೇ ಮಾಡಿರುತ್ತದೆ. ಪ್ಯಾಡಿಗೆ ಒಂದು ಹನಿಯೂ ತಾಗಬಾರದು. ಎಣ್ಣೆ ಕುಡಿದ ಪ್ಯಾಡು ಮತ್ತೆ ಸರಿಯಾಗಿ ಹಿಡಿಯುವುದಿಲ್ಲ, ಎಸೆಯುವುದೇ. ಅಂದಹಾಗೆ ಬ್ರೇಕಿನ ಧೂಳನ್ನು ಬಾಯಲ್ಲಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಈಗ ಚಕ್ರದ ಎರಡು ನಟ್ಟನ್ನು ಎದುರುಬದುರು ಸ್ಟಡ್ಡುಗಳಿಗೆ ನಾಲ್ಕೈದು ಸುತ್ತು ಹಾಕಿ ಬಿಡಿ. ಬಿಗಿ ಮಾಡಬೇಡಿ, ಡಿಸ್ಕಿಗೂ ನಟ್ಟಿಗೂ ನಡುವೆ ಬೆರಳು ದಪ್ಪ ಜಾಗ ಇರಲಿ. ಡಿಸ್ಕು ಬಿಟ್ಟುಕೊಳ್ಳುವಾಗ ಹೇಳಿ ಕೇಳಿ ಬಿಡುವುದಿಲ್ಲ, ಆ ನಟ್ಟು ಇಲ್ಲದಿದ್ದರೆ ನೇರ ಪಾದದ ಮೇಲೆ. ಸ್ಟಡ್ಡಿನ ಥ್ರೆಡ್ಡಿಗೂ ಸುತ್ತಿಗೆ ಏಟಿನಿಂದ ಕಾವಲು.

ಎರಡೂ ಬೋಲ್ಟನ್ನು ಮೊದಲು ಕೈಯಲ್ಲೇ ಹಾಕಿ, ತಳ ಮುಟ್ಟುವ ತನಕ. ಕೈಯಲ್ಲಿ ಹೋಗುತ್ತಿಲ್ಲ ಅಂದರೆ ತೂತು ಇನ್ನೂ ಕೊಳೆ, ಮತ್ತೆ ದಬ್ಬಳ ಹಿಡಿಯಿರಿ. ಆಮೇಲೆ 13ರ ಪಾನಾದಲ್ಲಿ ಇದಕ್ಕೆ ಕಾಲು ಸುತ್ತು, ಅದಕ್ಕೆ ಕಾಲು ಸುತ್ತು, ಹೀಗೆ ಸಮ ಸಮ. ಒಂದನ್ನೇ ತಿರುಗಿಸುತ್ತಾ ಹೋದರೆ ಡಿಸ್ಕು ಓರೆಯಾಗಿ ಇನ್ನೂ ಬಿಗಿಯಾಗುತ್ತದೆ. ಪಾನಾ ಗಟ್ಟಿಯಾಯಿತು ಅನ್ನಿಸಿದ ತಕ್ಷಣ ನಿಲ್ಲಿಸಿ. ಇಲ್ಲೇ ಎಲ್ಲರೂ ತಪ್ಪುವುದು, ಪಾನಾಕ್ಕೆ ಪೈಪು ಸಿಕ್ಕಿಸಿ ಜಗ್ಗುತ್ತಾರೆ. ಬೇಡ. ಬೋಲ್ಟು ಒತ್ತಡದಲ್ಲಿರುವಾಗ ಈಗ ಸುತ್ತಿಗೆ ತೆಗೆದುಕೊಂಡು, ಡಿಸ್ಕಿನ ನಡುವಿನ ಟೋಪಿಯಂಥ ಭಾಗಕ್ಕೆ, ಸ್ಟಡ್ಡುಗಳ ನಡುವಿನ ಜಾಗದಲ್ಲಿ, ಮರದ ತುಂಡು ಇಟ್ಟು ನಾಲ್ಕು ಏಟು. ಡಿಸ್ಕು ಸ್ವಲ್ಪ ತಿರುಗಿಸಿ ಮತ್ತೆ ನಾಲ್ಕು. ಮತ್ತೆ ಸ್ವಲ್ಪ ಎಣ್ಣೆ. ಹತ್ತು ನಿಮಿಷ ಬಿಟ್ಟು ಮತ್ತೆ ಕಾಲು ಸುತ್ತು. ಬೋಲ್ಟು ಒತ್ತಿ ಹಿಡಿದಿರುತ್ತದೆ, ಏಟು ತುಕ್ಕನ್ನು ಬಿರಿಸುತ್ತದೆ, ಎರಡೂ ಒಟ್ಟಿಗೆ ಬಂದಾಗಲೇ ಕೆಲಸ ಆಗುವುದು. ನಮ್ಮದು ಮೂರನೇ ಸುತ್ತಿನಲ್ಲಿ "ಟಕ್" ಅಂತ ಬಿಟ್ಟಿತು. ನಾನು ಬೋಲ್ಟೇ ಮುರಿಯಿತು ಅಂದುಕೊಂಡೆ. ಭಾವ ನಕ್ಕರು.

ತೂತೇ ಇಲ್ಲದ ಡಿಸ್ಕಾದರೆ? ಬ್ರಾಕೆಟ್ಟಿನ ಬೋಲ್ಟು ಹೋಗುವ ಜಾಗದಲ್ಲಿ ಉದ್ದದ ಗಟ್ಟಿ ಬೋಲ್ಟೊಂದಕ್ಕೆ ನಟ್ಟು ಹಾಕಿ, ಬೋಲ್ಟಿನ ತುದಿ ಡಿಸ್ಕಿನ ಬೆನ್ನಿಗೆ ಒತ್ತುವ ಹಾಗೆ ಬಿಗಿಮಾಡಿ, ಡಿಸ್ಕನ್ನು ತಿರುಗಿಸಿಕೊಂಡು ಜಾಗ ಬದಲಿಸುತ್ತಾ ತಳ್ಳಬಹುದು. ಬೇರಿಂಗ್ ಎಳೆಯುವ ಮೂರು ಕಾಲಿನ ಪುಲ್ಲರ್ ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಇವೆರಡೂ, ಹಿಂದಿನಿಂದ ಸುತ್ತಿಗೆ ಹೊಡೆಯುವುದೂ, ಗುಜರಿಗೆ ಹೋಗುವ ಡಿಸ್ಕಿಗೆ ಮಾತ್ರ. ಮತ್ತೆ ಹಾಕುವ ಡಿಸ್ಕಿನ ಪ್ಯಾಡು ಉಜ್ಜುವ ಮೈಗೆ ಒಂದು ಏಟೂ ಬೀಳಬಾರದು. ಚಮ್ಮಟಿಗೆಯಂತೂ ಬೇಡವೇ ಬೇಡ, ಆ ಹೊಡೆತ ನೇರ ಚಕ್ರದ ಬೇರಿಂಗಿಗೆ ಹೋಗುತ್ತದೆ, ತಿಂಗಳು ಬಿಟ್ಟು ಗುಂಯ್ ಅನ್ನಲು ಶುರುವಾಗುತ್ತದೆ.

ಬೆಂಕಿ ಕಾಯಿಸುವುದು ನನಗೆ ಇಷ್ಟವಿಲ್ಲ. ಪಕ್ಕದಲ್ಲೇ ರಬ್ಬರ್ ಬೂಟು, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ವೈರು, ಬೇರಿಂಗಿನ ಗ್ರೀಸು ಎಲ್ಲಾ ಇರುತ್ತದೆ, ನೀವೇ ಹಾಕಿದ ಎಣ್ಣೆಯೂ ಇರುತ್ತದೆ. ಕೆಲವು ಬ್ರೇಕ್ ಕ್ಲೀನರ್ ಸ್ಪ್ರೇಗಳಲ್ಲಿ ಕ್ಲೋರಿನ್ ಸೇರಿದ ದ್ರಾವಕ ಇರುತ್ತದೆ, ಅದು ಬಿಸಿ ಕಬ್ಬಿಣಕ್ಕೋ ಬೆಂಕಿಗೋ ತಾಗಿದರೆ ಫಾಸ್ಜೀನ್ ಅನ್ನುವ ವಿಷದ ಗಾಳಿ ಹುಟ್ಟುತ್ತದೆ. ಅಲ್ಲಿವರೆಗೆ ಹೋಗುವ ಪರಿಸ್ಥಿತಿ ಬಂದರೆ ಗ್ಯಾರೇಜಿನವರನ್ನು ಕರೆಸಿ. ಡಿಸ್ಕು ಹಬ್ಬಿನ ಹಿಂದುಗಡೆಯಿಂದ ಬೋಲ್ಟು ಹಾಕಿ ಕೂರಿಸಿರುವ ಹಳೇ ಗಾಡಿಗಳೂ ಇವೆ, ಅಲ್ಲಿ ಹಬ್ಬೇ ಬಿಚ್ಚಬೇಕು, ಈ ಉಪಾಯ ಯಾವುದೂ ನಡೆಯುವುದಿಲ್ಲ.

ಡಿಸ್ಕು ಬಂತು ಅಂತ ಹೊಸದನ್ನು ಹಾಗೇ ಏರಿಸಬೇಡಿ. ಹಬ್ಬಿನ ಮುಖವನ್ನು ವೈರ್ ಬ್ರಷ್ಷಿನಲ್ಲಿ, ಆಮೇಲೆ ಎಮರಿ ಪೇಪರಿನಲ್ಲಿ ಉಜ್ಜಿ ಉಜ್ಜಿ ಕಬ್ಬಿಣದ ಬಣ್ಣ ಬರಿಸಿ. ಒಂದು ಚಕ್ಕೆ ತುಕ್ಕು ಕೆಳಗೆ ಉಳಿದರೂ ಡಿಸ್ಕು ಓರೆ ಕೂರುತ್ತದೆ, ಅಂಚಿನಲ್ಲಿ ಅದು ಇನ್ನೂ ಜಾಸ್ತಿಯಾಗಿ ಓಲಾಡುತ್ತದೆ, ಸ್ವಲ್ಪ ದಿನ ಓಡಿದ ಮೇಲೆ ಅದೇ ಹಳೇ ಪೆಡಲ್ ನಡುಕ ವಾಪಸ್. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಬಳಿದಿರುತ್ತಾರೆ, ಬ್ರೇಕ್ ಕ್ಲೀನರಿನಲ್ಲಿ ಎರಡೂ ಮುಖ ತೊಳೆಯಿರಿ. ನಡುವಿನ ಬಳೆಗೆ ಮಾತ್ರ ಕಾಪರ್ ಗ್ರೀಸು ತೆಳ್ಳಗೆ, ದೋಸೆ ಕಾವಲಿಗೆ ಎಣ್ಣೆ ಸವರಿದಷ್ಟು. ಸ್ಟಡ್ಡಿಗೆ ಬೇಡ. ಹಳೇ ಡಿಸ್ಕನ್ನೇ ಮತ್ತೆ ಹಾಕುವವರು ಅದರ ಮೇಲೆ ಒತ್ತಿರುವ ಕನಿಷ್ಠ ದಪ್ಪದ ಸಂಖ್ಯೆ ನೋಡಿ, ಅಳೆದು, ಅದಕ್ಕಿಂತ ತೆಳ್ಳಗಾಗಿದ್ದರೆ ಆಸೆ ಬಿಡಿ. ಬದಲಿಸುವುದಾದರೆ ಎಡ ಬಲ ಎರಡೂ ಒಟ್ಟಿಗೆ.

ಬ್ರಾಕೆಟ್ ಬೋಲ್ಟಿಗೂ ಚಕ್ರದ ನಟ್ಟಿಗೂ ನಿಮ್ಮ ಗಾಡಿಯ ಪುಸ್ತಕದಲ್ಲಿ ಎಷ್ಟು ಟಾರ್ಕ್ (ಬಿಗಿಯ ಅಳತೆ) ಬರೆದಿದೆಯೋ ಅಷ್ಟೇ. ಗಾಡಿ ಹೊರಡಿಸುವ ಮೊದಲು ಪೆಡಲ್ಲನ್ನು ಗಟ್ಟಿಯಾಗುವ ತನಕ ಒತ್ತಿ ಒತ್ತಿ ಬಿಡಿ, ಮೊದಲ ಒಂದೆರಡು ಒತ್ತು ನೆಲಕ್ಕೇ ಹೋಗುತ್ತದೆ. ಇದನ್ನು ಮರೆತು ಗೇಟಿನ ಕಂಬಕ್ಕೆ ಗುದ್ದಿದವರಿದ್ದಾರೆ. ಆಮೇಲೆ ಖಾಲಿ ರಸ್ತೆಯಲ್ಲಿ 50ರ ವೇಗದಿಂದ 20ಕ್ಕೆ ಹಗುರವಾಗಿ ಇಳಿಸುವುದನ್ನು ಇಪ್ಪತ್ತು ಮೂವತ್ತು ಸಲ ಮಾಡಿ, ನಡುವೆ ಆರಲು ಬಿಟ್ಟು. ಹೊಸ ಡಿಸ್ಕು ಹಾಕಿದ ದಿನವೇ ಘಾಟಿ ಇಳಿಯಲು ಹೋಗಬೇಡಿ.

ಹಿಂದಿನ ಚಕ್ರದ ಡ್ರಮ್ಮು (ಡಿಸ್ಕಿನ ಬದಲು ಇರುವ ಡಬ್ಬಿಯಂಥ ಬ್ರೇಕಿನ ಭಾಗ) ಕಚ್ಚಿಕೊಂಡರೂ ಇದೇ ಉಪಾಯ, ಎಷ್ಟೋ ಡ್ರಮ್ಮುಗಳಲ್ಲೂ ಅದೇ 8ರ ಎರಡು ತೂತು ಇರುತ್ತದೆ. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಹ್ಯಾಂಡ್ ಬ್ರೇಕ್ ಇಳಿಸುವುದನ್ನು ಮಾತ್ರ ಮರೆಯಬೇಡಿ, ಇಲ್ಲದಿದ್ದರೆ ತುಕ್ಕಿನ ಜೊತೆ ಅಲ್ಲ, ಬ್ರೇಕಿನ ಜೊತೆಗೇ ಕುಸ್ತಿ. ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ನಿಲ್ಲಿಸುವವರು ಹ್ಯಾಂಡ್ ಬ್ರೇಕ್ ಎಳೆಯದೆ, ಒಂದನೇ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟರೆ ಒಳಗೆ ಬ್ರೇಕಿನ ಲೈನರ್ರು (ಡ್ರಮ್ಮಿಗೆ ಉಜ್ಜುವ ಪಟ್ಟಿ) ಡ್ರಮ್ಮಿಗೆ ಅಂಟಿಕೊಳ್ಳುವುದೂ ತಪ್ಪುತ್ತದೆ.