ಗ್ರಾಮಸಭೆಯಲ್ಲಿ ಆಡಿದ ಮಾತು ನಡಾವಳಿಗೆ ಹತ್ತಬೇಕಾದರೆ ಏನು ಮಾಡಬೇಕು?

ಕೊಡಗಿನ ಗ್ರಾಮಸಭೆಗಳಲ್ಲಿ ಗಲಾಟೆ ಜಾಸ್ತಿ. ಕಾಡಾನೆ, ಕರೆಂಟು, ರಸ್ತೆ, ನೆಟ್‌ವರ್ಕ್, ಕಸ, ತೋಟದ ಕಾರ್ಮಿಕರ ಲೈನ್‌ಮನೆಗೆ ನೀರು. ಎಲ್ಲರೂ ಒಟ್ಟಿಗೆ ಏಳುತ್ತಾರೆ, ಮೈಕ್ ಕೈಯಿಂದ ಕೈಗೆ ಹೋಗುತ್ತದೆ, ಊಟದ ಹೊತ್ತಿಗೆ ಅರ್ಧ ಜನ ಮನೆಗೆ ಹೊರಟಿರುತ್ತಾರೆ. ಆರು ತಿಂಗಳು ಬಿಟ್ಟು ಮತ್ತೆ ಅದೇ ಜನ, ಅದೇ ದೂರು. ಮಾತಾಡಿದ್ದೇನೋ ಹೌದು, ಆದರೆ ಅದು ನಡಾವಳಿ ಪುಸ್ತಕಕ್ಕೆ ಹತ್ತಲೇ ಇಲ್ಲ. ಬರೆದದ್ದಕ್ಕೆ ಯಾರಾದರೂ ಉತ್ತರ ಕೊಡಬೇಕಾಗುತ್ತದೆ, ಬರೆಯದ್ದಕ್ಕೆ ಯಾರೂ ಕೊಡುವುದಿಲ್ಲ. ನಿಮ್ಮ ಒಂದು ಮಾತನ್ನು ಆ ಪುಸ್ತಕದೊಳಗೆ ತರುವುದು ಹೇಗೆ ಅಂತ ನೋಡೋಣ.

ಯಾವ ಸಭೆಗೆ ಹೋಗಬೇಕು?

ಹಳ್ಳಿಯಲ್ಲಿದ್ದರೆ ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಎರಡೂ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಲೇಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ನೀವು ಗ್ರಾಮಸಭೆಯ ಸದಸ್ಯರು. ತೋಟದ ಮಾಲೀಕರಿಗೆ ಎಷ್ಟು ಹಕ್ಕಿದೆಯೋ, ಪಟ್ಟಿಯಲ್ಲಿ ಹೆಸರಿರುವ ಲೈನ್‌ಮನೆಯವರಿಗೂ ಆದಿವಾಸಿ ಹಾಡಿಯವರಿಗೂ ಅಷ್ಟೇ ಹಕ್ಕಿದೆ. ಗ್ರಾಮಸಭೆಗೆ ಕೋರಂ, ಅಂದರೆ ಸಭೆ ನಡೆಯಲು ಇರಲೇಬೇಕಾದ ಜನ, ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ಕಾಫಿ ಕುಯ್ಯುವ ಡಿಸೆಂಬರ್, ಜನವರಿಯಲ್ಲಿ ಸಭೆ ಇಟ್ಟರೆ ಇಷ್ಟು ಜನ ಸೇರುವುದೇ ಕಷ್ಟ ಅಲ್ವಾ? ದಿನ ಗೊತ್ತು ಮಾಡುವ ಮೊದಲೇ ನಿಮ್ಮ ಸದಸ್ಯರಿಗೆ ಹೇಳಿಡಿ.

ಚಿಕ್ಕ ವಿಷಯವನ್ನು ವಾರ್ಡ್ ಸಭೆಯಲ್ಲೇ ಮುಗಿಸಿ. ಬೀದಿ ದೀಪಕ್ಕೆ ಗ್ರಾಮಸಭೆ ತನಕ ಕಾಯಬೇಕಾಗಿಲ್ಲ.

ಪಟ್ಟಣದಲ್ಲಿ ಕ್ರಮ ಬೇರೆ. ಮಡಿಕೇರಿ ನಗರಸಭೆಯಾಗಲಿ, ಸೋಮವಾರಪೇಟೆ ಪಟ್ಟಣ ಪಂಚಾಯಿತಿಯಾಗಲಿ, ಸಾಮಾನ್ಯ ಸಭೆಯಲ್ಲಿ ಮಾತಾಡುವವರು ಚುನಾಯಿತ ಸದಸ್ಯರು. ನಾವು ಕೂತು ಕೇಳಬಹುದು, ಎದ್ದು ಮಾತಾಡುವ ಹಾಗಿಲ್ಲ. ಅಲ್ಲಿ ನಿಮ್ಮ ಬಾಯಿ ಅಂದರೆ ನಿಮ್ಮ ವಾರ್ಡಿನ ಸದಸ್ಯರೇ. ಸಭೆಗೆ ಒಂದು ವಾರ ಮೊದಲೇ ಅವರ ಕೈಗೆ ಅರ್ಜಿ ಕೊಡಿ, ಇನ್ನೊಂದು ಪ್ರತಿಯನ್ನು ನಗರಸಭೆಯಾದರೆ ಪೌರಾಯುಕ್ತರಿಗೆ, ಪಟ್ಟಣ ಪಂಚಾಯಿತಿಯಾದರೆ ಮುಖ್ಯಾಧಿಕಾರಿಗೆ ಕೊಡಿ, ಮತ್ತು ವಿಷಯ ಸಭೆಯ ಅಜೆಂಡಾದಲ್ಲಿ ಸೇರಿತಾ ಅಂತ ಎರಡು ದಿನ ಬಿಟ್ಟು ವಿಚಾರಿಸಿ. ಪಟ್ಟಣದವರು ನೇರವಾಗಿ ಮಾತಾಡಬಹುದಾದ ಜಾಗ ಒಂದಿದೆ: ಬಜೆಟ್ ಪೂರ್ವಭಾವಿ ಸಭೆ. ಬೇಸಿಗೆಯಲ್ಲಿ ಮಡಿಕೇರಿಗೆ ಕೂಟುಹೊಳೆ ನೀರು ಸಾಲದೇ ಹೋಗುವುದು, ಅಲ್ಲಿನ ಸ್ಟೋನ್ ಹಿಲ್‌ನ ಕಸದ ರಾಶಿ, ಇಂಥ ದುಡ್ಡು ಬೇಡುವ ವಿಷಯಗಳಿಗೆ ಇದೇ ಸರಿಯಾದ ಸಭೆ. ಬಜೆಟ್ ಮಂಡನೆ ಆದ ಮೇಲೆ ಕೂಗಿ ಏನು ಬಂತು? ಆದರೂ ಈ ಸಭೆಗೆ ಬರುವ ಜನ ತೀರಾ ಕಡಿಮೆ, ಅದು ನನಗೆ ಬೇಸರದ ವಿಷಯ.

ಹೋಗುವ ಮೊದಲು

ದೂರು ಯಾರಿಗೆ ಸೇರಿದ್ದು ಅಂತ ಪತ್ತೆ ಮಾಡಿ. ಹೊಂಡ ಬಿದ್ದ ರಸ್ತೆ ಪಂಚಾಯಿತಿಯದ್ದಾ, ಜಿಲ್ಲಾ ಪಂಚಾಯಿತಿಯದ್ದಾ, ಲೋಕೋಪಯೋಗಿ ಇಲಾಖೆಯದ್ದಾ? ತಪ್ಪು ಇಲಾಖೆಯನ್ನು ಕೇಳಿದರೆ "ಅದು ನಮಗೆ ಬರುವುದಿಲ್ಲ" ಅನ್ನುವ ಒಂದೇ ಮಾತಿನಲ್ಲಿ ನಿಮ್ಮ ಸರದಿ ಮುಗಿಯುತ್ತದೆ. ಪಂಚಾಯಿತಿ ಕಚೇರಿಯಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿದರೆ ಐದು ನಿಮಿಷದ ಕೆಲಸ. ಕರೆಂಟಿನ ದೂರಾದರೆ ಕರೆಂಟು ಕಂಪನಿ ಸೆಸ್ಕ್‌ನ ಕಂಬದ ನಂಬರ್ ಬರೆದುಕೊಳ್ಳಿ. ಆನೆ ತೋಟ ತುಳಿದದ್ದಾದರೆ ದಿನಾಂಕ, ಸರ್ವೆ ನಂಬರ್, ಹೋದ ಗಿಡಗಳ ಲೆಕ್ಕ, ಫೋಟೊ ಇಷ್ಟು ಕೈಯಲ್ಲಿರಲಿ.

ಆಮೇಲೆ ಅರ್ಜಿ. ಒಂದು ಹಾಳೆ, ಒಂದೇ ವಿಷಯ. ಒಂದೇ ಅರ್ಜಿಯಲ್ಲಿ ರಸ್ತೆ, ನೀರು, ನಾಯಿ ಕಾಟ ಎಲ್ಲ ಬರೆದರೆ ಅದನ್ನು ಯಾವ ಇಲಾಖೆಗೆ ಕಳಿಸುವುದು? ಅಕ್ಕಪಕ್ಕದ ಮನೆಯವರ ಸಹಿ ಹಾಕಿಸಿ. ಎರಡು ಪ್ರತಿ ಒಯ್ಯಿರಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಪಂಚಾಯಿತಿಯ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಮುಂದೆ ನಿಮ್ಮ ಕೈ ಹಿಡಿಯುವುದು ಆ ಸೀಲು.

ಮೈಕ್ ಕೈಗೆ ಬಂದಾಗ

ಎರಡು ನಿಮಿಷ ಸಾಕು. ಹೆಸರು, ಊರು, ಸಮಸ್ಯೆ, ಎಷ್ಟು ದಿನದಿಂದ, ಏನು ಆಗಬೇಕು. ಹೀಗೆ:

"ಅಧ್ಯಕ್ಷರೆ, ನಾನು ಎರಡನೇ ವಾರ್ಡಿನವಳು. ಅಂಗನವಾಡಿ ಮುಂದಿನ ಮೋರಿ ಕಳೆದ ಮಳೆಗಾಲದಲ್ಲಿ ಕುಸಿದಿದೆ. ಮಳೆ ಬಂದರೆ ರಸ್ತೆ ಮೇಲೆ ಮೊಣಕಾಲು ನೀರು, ಮಕ್ಕಳನ್ನು ಎತ್ತಿಕೊಂಡು ದಾಟಿಸುತ್ತಿದ್ದೇವೆ. ಜೂನ್ ಮೊದಲು ಹೊಸ ಮೋರಿ ಆಗಬೇಕು. ಅರ್ಜಿ ಕೊಟ್ಟಿದ್ದೇನೆ, ಪ್ರತಿಗೆ ಸೀಲಾಗಿದೆ. ಇದನ್ನು ನಡಾವಳಿಯಲ್ಲಿ ಬರೆದುಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ."

ಕೊನೆಯ ಆ ವಾಕ್ಯವನ್ನು ಮರೆಯಬೇಡಿ. ಅಧಿಕಾರಿ "ಪರಿಶೀಲಿಸುತ್ತೇವೆ" ಅಂದರೆ ಕೂತುಬಿಡಬೇಡಿ. "ಸರ್, ಯಾವತ್ತು ಬಂದು ನೋಡುತ್ತೀರಿ?" ಅಂತ ಕೇಳಿ. ಅವರು ಹೇಳಿದ ತಾರೀಕನ್ನೂ ಬರೆಸಿ.

ಕನ್ನಡದಲ್ಲಿ ಮಾತಾಡಲು ಹಿಂಜರಿಕೆ ಇದ್ದರೆ ಕೊಡವ ತಕ್ಕ್, ಅರೆಭಾಷೆ, ಎರವ ಭಾಷೆ, ನಿಮಗೆ ಯಾವುದು ಸಲೀಸೋ ಅದರಲ್ಲೇ ಹೇಳಿ. ನಡಾವಳಿ ಬರೆಯುವುದು ಕನ್ನಡದಲ್ಲಿ, ಹಾಗಾಗಿ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಅದನ್ನೇ ಕನ್ನಡದಲ್ಲಿ ಹೇಳಿಸಿ. ಎಷ್ಟೋ ಹಾಡಿಯ ಹೆಂಗಸರು ಹಿಂದಿನ ಸಾಲಿನಲ್ಲಿ ಸುಮ್ನೆ ಕೂತು ಎದ್ದು ಹೋಗುತ್ತಾರೆ. ನಿಮ್ಮ ಸರದಿ ಮುಗಿದಿದ್ದರೆ ಮೈಕನ್ನು ಅವರ ಹತ್ತಿರ ಒಯ್ದು ಕೊಡಿ. ಮಹಿಳಾ ಗ್ರಾಮಸಭೆ, ಮಕ್ಕಳ ಗ್ರಾಮಸಭೆ ಬೇರೆಯಾಗಿ ನಡೆಯುತ್ತವೆ, ಅವಕ್ಕೂ ಕಳಿಸಿ.

ಇನ್ನೊಂದು ಮಾತು. ಇಲಾಖೆಯ ಅಧಿಕಾರಿ ಬಂದಿಲ್ಲ ಅಂತ ಸಿಟ್ಟಾಗಿ ಸಭೆಯನ್ನೇ ಮುಂದೂಡಿಸುವುದು ನಮ್ಮ ಜಿಲ್ಲೆಯಲ್ಲಿ ಆಗಾಗ ನಡೆಯುತ್ತದೆ. ಸಿಟ್ಟು ನ್ಯಾಯವೇ. ಆದರೆ ದಿನದ ಕೂಲಿ ಬಿಟ್ಟು ಬಂದವರ ಗತಿ ಏನು? ಯಾವ ಇಲಾಖೆಯಿಂದ ಯಾರೂ ಬರಲಿಲ್ಲ ಅಂತ ಹೆಸರು ಹಾಕಿ ನಡಾವಳಿಯಲ್ಲಿ ಬರೆಸಿ, ಮೇಲಧಿಕಾರಿಗೆ ಪತ್ರ ಹೋಗಲಿ ಅಂತ ಸಭೆಯ ಉಸ್ತುವಾರಿಗೆ ಬಂದ ನೋಡಲ್ ಅಧಿಕಾರಿಯನ್ನು ಕೇಳಿ, ಉಳಿದ ವಿಷಯ ಮುಂದುವರಿಸಿ. ನನ್ನ ಮಟ್ಟಿಗೆ ಇದೇ ಸರಿ.

ತೀರಿಕೊಂಡವರನ್ನು ನೆನೆಯುವುದು

ಇದೂ ಸಭೆಯ ಕೆಲಸವೇ. ದೊಡ್ಡವರಿಗೆ ಜಾಗ ಸಿಕ್ಕಿದೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ ಅವರ ಹೆಸರಿನ ವೃತ್ತ ಇದೆ, ಅವರ ಸನ್ನಿಸೈಡ್ ಮನೆ ಮ್ಯೂಸಿಯಂ ಆಗಿ 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಂದ ಉದ್ಘಾಟನೆಯಾಯಿತು. ಊರಿನ ಆಶಾ ಕಾರ್ಯಕರ್ತೆ, ಪೋಸ್ಟ್‌ಮ್ಯಾನ್, ನೀರುಗಂಟಿ, ಲೈನ್‌ಮ್ಯಾನ್ ಇವರಿಗೆ ಯಾವ ವೃತ್ತವೂ ಇಲ್ಲ. ಪಂಚಾಯಿತಿಯ ನಡಾವಳಿಯಲ್ಲಿ ಅವರ ಬಗ್ಗೆ ನಾಲ್ಕು ಸಾಲು ಬರೆದರೆ, ಊರು ಅವರನ್ನು ಮರೆತಿಲ್ಲ ಅನ್ನುವುದಕ್ಕೆ ದಾಖಲೆ ಅದೇ.

ಹಿಂದಿನ ದಿನವೇ ಅಧ್ಯಕ್ಷರಿಗೆ ಹೇಳಿ. ಮನೆಯವರನ್ನೂ ಕೇಳಿ, ಅವರು ಒಪ್ಪಿದರೆ ಕರೆಯಿರಿ. ಸ್ವಾಗತ ಆದ ಕೂಡಲೇ ಸಂತಾಪ ಮುಗಿಯಬೇಕು, ದೂರುಗಳ ಬಿಸಿ ಏರಿದ ಮೇಲೆ ಅದಕ್ಕೆ ಬೆಲೆ ಸಿಗುವುದಿಲ್ಲ. ಮೊದಲು ಮಾತು, ಆಮೇಲೆ ಒಂದು ನಿಮಿಷದ ಮೌನ. ಮಾತಿನಲ್ಲಿ "ಸರಳ ಸಜ್ಜನ, ತುಂಬಲಾರದ ನಷ್ಟ" ಅನ್ನುವುದು ಬೇಡ, ಅದನ್ನು ಯಾರಿಗೆ ಬೇಕಾದರೂ ಹೇಳಬಹುದು. ಅವರು ಮಾಡಿದ ಕೆಲಸ ಹೇಳಿ. ಲೈನ್‌ಮ್ಯಾನ್ ಆಗಿದ್ದವರ ಬಗ್ಗೆಯಾದರೆ: "ಮರ ಬಿದ್ದು ತಂತಿ ತುಂಡಾದ ರಾತ್ರಿ ಗಂಬೂಟು ಹಾಕಿ, ತಲೆಗೆ ಟಾರ್ಚ್ ಕಟ್ಟಿಕೊಂಡು ತೋಟದೊಳಗೆ ನಡೆದೇ ಬರುತ್ತಿದ್ದರು. ಆನೆ ಇದೆ, ಬೆಳಗ್ಗೆ ಬನ್ನಿ ಅಂದರೂ ಫ್ಯೂಸ್ ಹಾಕಿಯೇ ಹೋಗುತ್ತಿದ್ದರು." ಇಷ್ಟು ಕೇಳಿದರೆ ಸಭೆಯಲ್ಲಿದ್ದ ಪ್ರತಿಯೊಬ್ಬರಿಗೂ ತಮ್ಮ ಮನೆಯ ಒಂದು ರಾತ್ರಿ ನೆನಪಾಗುತ್ತದೆ.

ಕಷ್ಟ ಬರುವುದು ಆನೆ ತುಳಿತಕ್ಕೋ ಗುಡ್ಡ ಕುಸಿತಕ್ಕೋ ಸಿಕ್ಕಿ ಹೋದವರ ವಿಷಯದಲ್ಲಿ. 2018ರ ಆಗಸ್ಟ್‌ನ ಕುಸಿತ ಕಂಡ ಊರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದುಃಖವೂ ಸಿಟ್ಟೂ ಒಟ್ಟಿಗೇ ಇರುತ್ತವೆ, ಮೌನ ಮುಗಿಯುವ ಮೊದಲೇ ಯಾರೋ ಅರಣ್ಯ ಇಲಾಖೆಯವರ ಮೇಲೆ ಕೂಗುತ್ತಾರೆ. ಎರಡನ್ನೂ ಬೇರೆ ಮಾಡಿ. ಮೊದಲು ಆ ವ್ಯಕ್ತಿಗೆ ಪೂರ್ತಿ ಒಂದು ನಿಮಿಷ ಕೊಡಿ. ಪರಿಹಾರ ಎಲ್ಲಿಗೆ ಬಂತು, ಆನೆ ಕಾರ್ಯಪಡೆ ಎಷ್ಟು ಹೊತ್ತಿಗೆ ಬಂತು, ಮುಂದೆ ಏನು ಮಾಡುತ್ತಾರೆ ಅನ್ನುವುದನ್ನು ಅರ್ಜಿ ಸಮೇತ ಇಲಾಖೆಯ ಸರದಿ ಬಂದಾಗ ಕೇಳಿ. ಆಗ ಗಟ್ಟಿಯಾಗಿಯೇ ಕೇಳಿ.

ಬಸ್ ತಂಗುದಾಣಕ್ಕೋ ರಸ್ತೆಗೋ ಹೆಸರಿಡಬೇಕು ಅನ್ನುವುದನ್ನು ಸಂತಾಪದ ಹೊತ್ತಿನಲ್ಲಿ ಎತ್ತಬೇಡಿ. ಅದಕ್ಕೆ ಬೇರೆ ಅರ್ಜಿ, ಬೇರೆ ನಿರ್ಣಯ ಬೇಕು. ಸಂತಾಪ ನಿರ್ಣಯದ ಒಂದು ಪ್ರತಿ ಮನೆಯವರಿಗೆ ತಲುಪುವ ಹಾಗೆ ನೋಡಿಕೊಳ್ಳಿ.

ಸಭೆ ಮುಗಿದ ಮೇಲೆ

ಸಹಿ ಹಾಕಿ ಹೊರಡುವ ಮೊದಲು ನಿಮ್ಮ ವಿಷಯ ಏನಂತ ಬರೆದಿದ್ದಾರೆ ಅಂತ ಓದಿಸಿ ಕೇಳಿ. ಮುಂದಿನ ಸಭೆಯಲ್ಲಿ ಹಳೆಯ ನಡಾವಳಿ ಓದುವಾಗ ತಪ್ಪದೇ ಹಾಜರಿರಿ, ನಿಮ್ಮ ಮೋರಿ ಏನಾಯಿತು ಅಂತ ಕೇಳುವ ಹೊತ್ತು ಅದೇ. ನಡುವೆ ಪ್ರತಿ ಬೇಕಾದರೆ, ಸುಮ್ನೆ ಕೇಳಿದಾಗ ಸಿಗದಿದ್ದರೆ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಬರೆಯಬೇಕಾದ್ದು ಇಷ್ಟೇ: "ಇಂಥ ದಿನಾಂಕದ ಗ್ರಾಮಸಭೆಯ ನಡಾವಳಿಯ ಪ್ರತಿ, ಮತ್ತು ಅದರಲ್ಲಿ ನನ್ನ ಅರ್ಜಿಯ ಮೇಲೆ ತೆಗೆದುಕೊಂಡ ಕ್ರಮದ ದಾಖಲೆಯ ಪ್ರತಿ ಕೊಡಿ." ಜೊತೆಗೆ ಸೀಲು ಹಾಕಿಸಿಕೊಂಡ ಅರ್ಜಿಯ ಜೆರಾಕ್ಸ್ ಲಗತ್ತಿಸಿ.